ರಾಜ್ಯ ಪುರಸ್ಕಾರದ ಬೆಳಗು

ಅಂತರಗಂಗೆ ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಬೀಳುವಷ್ಟರಲ್ಲಿ ಕೋಲಾರದ ಈ ಮೈದಾನದಲ್ಲಿ ಧ್ವಜ ಏರಿ, ಪ್ರಾರ್ಥನೆಯೂ ಮುಗಿದಿದೆ. ನೀವು ಹುಣಸೆಮರದ ಕೆಳಗೆ ನಿಂತಿದ್ದೀರಿ. ರಾಜ್ಯ ಪುರಸ್ಕಾರದ ಪರೀಕ್ಷೆಗೆ ಬಂದಿರುವ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಗೈಡ್ ಮಕ್ಕಳು ರಾತ್ರಿ ಟೆಂಟಿನಲ್ಲಿ ಮಲಗಿ ಎದ್ದವರು. ಕಣ್ಣಲ್ಲಿ ಇನ್ನೂ ನಿದ್ದೆಯಿದೆ, ಕೊರಳ ಸ್ಕಾರ್ಫ್ ಮಾತ್ರ ನೆಟ್ಟಗಿದೆ.

ಹತ್ತಿರ ಬನ್ನಿ. ಮಾವಿನ ತೋಪಿನ ಊರಿನ ಹುಡುಗಿಯೊಬ್ಬಳು ಸೊಂಟಕ್ಕೆ ಹಗ್ಗ ಸುತ್ತಿ ಬೌಲೈನ್ ಗಂಟು ಹಾಕುತ್ತಿದ್ದಾಳೆ. ಪರೀಕ್ಷಕಿ ಹಗ್ಗವನ್ನು ಜಗ್ಗಿ ನೋಡುತ್ತಾರೆ.

"ಇದು ಯಾತಕ್ಕಮ್ಮ?"

"ಬಾವಿಗೆ ಬಿದ್ದೋರನ್ನ ಮೇಲೆತ್ತಕ್ಕೆ ಮಿಸ್. ಎಷ್ಟು ಎಳೆದ್ರೂ ಕುಣಿಕೆ ಬಿಗಿಯಲ್ಲ."

ತೆರೆದ ಬಾವಿಗಳ ಈ ಸೀಮೆಯಲ್ಲಿ ಬೆಳೆದ ಮಗುವಿಗೆ ಆ ಉತ್ತರ ಪುಸ್ತಕದಿಂದ ಬಂದದ್ದಲ್ಲ ಅನಿಸುತ್ತದೆ.

1950ರ ನವೆಂಬರ್ 7ರಂದು ದೇಶದ ಬೇರೆಬೇರೆ ಸ್ಕೌಟ್ ಸಂಘಟನೆಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದವು. ಅದರಲ್ಲಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತಿದವರೇ ಈ ಪರೀಕ್ಷೆಗೆ ಬರುವುದು. ಮುಂದಿನ ಮೆಟ್ಟಿಲು ರಾಷ್ಟ್ರಪತಿ ಪುರಸ್ಕಾರ. ರಾಜ್ಯ ಪುರಸ್ಕಾರದ ಪ್ರಮಾಣಪತ್ರದ ಮೇಲಿನ ಸಹಿ ರಾಜ್ಯಪಾಲರದು. ಅದಕ್ಕೂ ಮೊದಲು ಈ ಮಿಸ್ ಒಪ್ಪಬೇಕು. ಅವರು ಬೇಗ ಒಪ್ಪುವವರಲ್ಲ. ಹಾಗಿರುವುದರಿಂದಲೇ ಈ ಪುರಸ್ಕಾರಕ್ಕೆ ಬೆಲೆ ಎಂದು ನಾನು ನಂಬಿದ್ದೇನೆ.

ಈಗ ಪ್ರಥಮ ಚಿಕಿತ್ಸೆ. ನಾಲ್ವರು ಗೈಡ್‌ಗಳು ಕಂಬಳಿ ಹಾಸಿ, ಎರಡು ಕೋಲಿಟ್ಟು, ಅಂಚುಗಳನ್ನು ಒಂದರ ಮೇಲೊಂದು ಮಡಿಸಿ ಸ್ಟ್ರೆಚರ್ ಮಾಡುತ್ತಾರೆ. ಗಂಟಿಲ್ಲ, ಪಿನ್ನಿಲ್ಲ. ಮಲಗಿದವರ ಭಾರವೇ ಮಡಿಕೆಯನ್ನು ಅದುಮಿ ಹಿಡಿಯಬೇಕು. ರೋಗಿಯಾಗಲು ಸಣ್ಣಕ್ಕಿರುವ ಹುಡುಗಿಯೊಬ್ಬಳು ಮುಂದೆ ಬರುತ್ತಾಳೆ. ಮಿಸ್ ತಡೆಯುತ್ತಾರೆ.

"ಬೇಡ, ನಾನೇ ಮಲಗ್ತೀನಿ. ಎತ್ತಿ."

ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾಯಕಿ ಎಣಿಸುತ್ತಾಳೆ: ಒಂದು, ಎರಡು, ಮೂರು. ಕೋಲು ಬಾಗುತ್ತದೆ; ನೀವೂ ಉಸಿರು ಬಿಗಿ ಹಿಡಿದಿದ್ದೀರಿ. ಕಂಬಳಿ ಜಾರುವುದಿಲ್ಲ. ಹೆಜ್ಜೆ ತಪ್ಪಿಸಿ ನಡೆದರೆ ರೋಗಿ ತೂಗಾಡುವುದಿಲ್ಲವೆಂದು ಕಲಿತಿದ್ದಾರೆ, ಹಾಗೆಯೇ ನಡೆದು ಧ್ವಜಸ್ತಂಭ ಮುಟ್ಟಿ, ತಿರುಗಿ ಬಂದು, ಮೆಲ್ಲಗೆ ಇಳಿಸುತ್ತಾರೆ.

ಮಿಸ್ ಎದ್ದು ಧೂಳು ಕೊಡವಿ, ನಾಲ್ವರಿಗೂ ಎಡಗೈ ಚಾಚುತ್ತಾರೆ. ಗೈಡ್‌ಗಳು ಕೈಕುಲುಕುವುದು ಎಡಗೈಯಿಂದಲೇ. ಅಂಕ ಎಷ್ಟೆಂದು ಹೇಳುವುದಿಲ್ಲ. ಮುಂದಿನ ತಂಡಕ್ಕೆ ಸೀಟಿ ಊದುತ್ತಾರೆ.