ಕಾಲಿಡಲು ಜಾಗವಿಲ್ಲದ ಗುಡ್ಡ

2022ರ ಸೆಪ್ಟೆಂಬರ್. ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿನ ಒಂದು ಏಣಿನ ಮೇಲೆ ನಿಂತಿದ್ದೀರಿ. ಎಡಕ್ಕೂ ಇಳಿಜಾರು, ಬಲಕ್ಕೂ ಇಳಿಜಾರು. ನಾಲ್ಕು ಮಾರು ಕೆಳಗೆ ಎರಡೂ ಮಂಜಿನಲ್ಲಿ ಕಣ್ಮರೆ. ಜರ್ಕಿನ್‌ನೊಳಗೆ ನುಗ್ಗಿದ ಗಾಳಿಗೆ ಬೆನ್ನಿನ ಬೆವರು ತಣ್ಣಗೆ ಕೊರೆಯುತ್ತಿದೆ. ಮೂಗಿಗೆ ಒದ್ದೆ ಮಣ್ಣು, ಕೊಳೆತ ಹುಲ್ಲಿನ ವಾಸನೆ. ಕಾಲುಚೀಲದೊಳಗೆ ಏನೋ ಹರಿದಂತಾಗುತ್ತದೆ. ಇಂಬಳವೇ ಇರಬೇಕು, ಬಗ್ಗಿ ನೋಡುವ ಧೈರ್ಯವಿಲ್ಲ. ದೂರದ ರಸ್ತೆಯಲ್ಲಿ ಹೂ ನೋಡಲು ಬಂದ ಕಾರುಗಳ ಹಾರ್ನ್.

ಮಂಜು ಸರಿಯುತ್ತದೆ. ಗುಡ್ಡವಿಡೀ ನೀಲಿ!

ಬಿಸಿಲು ಬಿದ್ದದ್ದೇ ತಡ, ತುಡುವೆ ಜೇನಿನ ಮೊರೆತ ಶುರು. ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಒಂದು ಜೇನು ಗಂಟೆಯಾಕಾರದ ಹೂವಿನೊಳಗೆ ಪೂರ್ತಿ ತೂರಿಕೊಂಡು, ಹಿಂದುಹಿಂದಕ್ಕೆ ಹೊರಬರುತ್ತದೆ, ಮೈಗೆಲ್ಲ ಪರಾಗ ಮೆತ್ತಿಕೊಂಡು. ಹೊಸ ಹೂ ತಿಳಿನೀಲಿ, ಹಳೆಯದು ನೇರಳೆಗೆ ತಿರುಗಿದೆ. ಇದು ನೀಲಕುರಿಂಜಿ. ದಕ್ಷಿಣದ ಬೆಟ್ಟಗಳ ನೆತ್ತಿಯ ಶೋಲಾ ಹುಲ್ಲುಗಾವಲು ಬಿಟ್ಟರೆ ಇದಕ್ಕೆ ಬೇರೆ ತವರಿಲ್ಲ. ಸುಮಾರು 12 ವರ್ಷಕ್ಕೊಮ್ಮೆ ಗಿಡಗಳೆಲ್ಲ ಒಟ್ಟಿಗೆ ಅರಳಿ, ಬೀಜ ಉದುರಿಸಿ, ಒಟ್ಟಿಗೆ ಸಾಯುತ್ತವೆ. ಬೀಜ ಕಟ್ಟುವ ಮೊದಲೇ ಮುರಿದ ಗಿಡಕ್ಕೆ ಇನ್ನೊಂದು ಅವಕಾಶವಿಲ್ಲ.

ಈಗ ವಾಪಸಾಗಬೇಕು. ಹೂವಿನ ನಡುವೆ ಸಲೀಸಾದ ಜಾಡೊಂದಿದೆ, ಸೆಲ್ಫಿಗೆ ನಿಂತವರು ತುಳಿದು ಮಾಡಿದ್ದು. ಅಂಚಿನಲ್ಲಿ ಪಾಚಿಗಟ್ಟಿದ ಬಂಡೆಯೂ ಇದೆ. ಜಾಡಿನಲ್ಲಿ ಇನ್ನೂ ನೆಟ್ಟಗಿರುವ ಗಿಡಗಳಿವೆ. ನೀವು ಬಂಡೆಗೆ ಕಾಲಿಡುತ್ತೀರಿ.

ಮಂಜು ಮತ್ತೆ ಮುಚ್ಚುತ್ತದೆ. ಒಂದು ಹೆಜ್ಜೆ. ಇನ್ನೊಂದು. ಬೂಟು ಜಾರುತ್ತದೆ. ಮೊಣಕಾಲು ಕಲ್ಲಿಗೆ ಬಡಿಯುತ್ತದೆ. ಮೈ ಕೆಳಕ್ಕೆ. ಕೈ ಹುಲ್ಲಿಗೆ ಹೋಗುತ್ತದೆ, ಹುಲ್ಲು ಕಿತ್ತು ಬರುತ್ತದೆ. ಪಕ್ಕದಲ್ಲಿ ಕುರಿಂಜಿಯ ಬುಡ. ಹಿಡಿಯುತ್ತೀರಿ! ಜೀವಕ್ಕೆ ಬಂದಾಗ ಹೂವಿನ ಲೆಕ್ಕ ಯಾರೂ ಇಡುವುದಿಲ್ಲ. ಹೂಗಳು ತಲೆಯ ಮೇಲೆ ಉದುರುತ್ತವೆ. ಕಟ್ಟಿಗೆಯಾಗಿ ಬಲಿತ ಕಾಂಡ ಬಾಗುತ್ತದೆ, ಮುರಿಯುವುದಿಲ್ಲ.

ಎದೆ ಡವಗುಟ್ಟುತ್ತಿದೆ. ಬಾಯಲ್ಲಿ ಮಣ್ಣಿನ ರುಚಿ. ಬುಡದ ಮಣ್ಣು ಬಿರುಕು ಬಿಟ್ಟಿದೆ, ಬಿಳಿ ಬೇರು ಕಾಣುತ್ತಿದೆ. ನಡುಗುವ ಅಂಗೈಯಿಂದ ಮಣ್ಣೊತ್ತಿ ಅದನ್ನು ಮುಚ್ಚುತ್ತೀರಿ.

"ಸಾರ್, ಏಳ್ಬೇಡಿ, ಅಲ್ಲೇ ಕೂತಿರಿ!" ದಾರಿ ತೋರಿಸಲು ಬಂದ ಹುಡುಗ ಕೂಗುತ್ತಾನೆ. ಮಂಜಿನಿಂದ ಮೊದಲು ಕೋಲು, ಆಮೇಲೆ ಅವನು. ಅವನೂ ಜಾಡು ಬಿಟ್ಟು ಬಂಡೆಯ ಮೇಲೇ ಬರುತ್ತಿದ್ದಾನೆ, ಬರಿಗಾಲಲ್ಲಿ. ನಿಮ್ಮ ತೋಳು ಹಿಡಿದೆತ್ತಿ, ಸವೆದ ಅಟ್ಟೆಯನ್ನು ನೋಡಿ ನಗುತ್ತಾನೆ.

"2034ಕ್ಕೆ ಬರೋವಾಗ ಬೇರೆ ಬೂಟು ಹಾಕ್ಕೊಂಡು ಬನ್ನಿ, ಸಾರ್."