ಹೊಸ್ತಿಲ ಅಳತೆ

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ತಮ್ಮ ನನ್ನ ಹೊಲಿಗೆ ಟೇಪು ಕೇಳಿದ. ಮಂಚದ ಮೇಲಿಂದಲೇ ಅವನು ಹೇಳುತ್ತ ಹೋದ, ನಾನು ಅಳೆದು ಹಳೆ ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತ ಹೋದೆ. ಕೋಣೆಯ ಬಾಗಿಲು 30 ಇಂಚು. ಬಚ್ಚಲ ಬಾಗಿಲು 24. ಹೆಬ್ಬಾಗಿಲ ಹೊಸ್ತಿಲು ನೆಲದಿಂದ 4 ಇಂಚು ಎತ್ತರ. ಜಗುಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು, ಒಟ್ಟು 18 ಇಂಚು. ಕೊನೆಯಲ್ಲಿ ಅವನ ಸೊಂಟದ ಅಗಲ, 14. ಇಪ್ಪತ್ತೈದು ವರ್ಷದಿಂದ ಊರವರ ಅಳತೆ ತೆಗೆದು ಬಟ್ಟೆ ಹೊಲಿಯುವವಳು ನಾನು. ತಮ್ಮ ಬೆಳಗಿಂದ ರಾತ್ರಿವರೆಗೆ ಕೂರುವ ಕುರ್ಚಿಗೂ ಅಳತೆ ಬೇಕು ಅನ್ನುವುದು ನಾಲ್ಕು ವರ್ಷ ನನ್ನ ತಲೆಗೇ ಬಂದಿರಲಿಲ್ಲ. ಟೇಪು ಸುತ್ತಿಡುವಾಗ ಅದು ಚುಚ್ಚಿತು.

ನಾಲ್ಕು ವರ್ಷದ ಹಿಂದಿನ ಆಷಾಢ. ಎರಡು ದಿನ ಹೊಳವಾಗಿತ್ತು. ಕೊಳೆ ಔಷಧಿ ಹೊಡೆಯಲು ಕೊನೆಗಾರರು ಯಾರೂ ಸಿಗಲಿಲ್ಲ. ಮತ್ತೆ ಮಳೆ ಹಿಡಿದರೆ ಇರುವ ಅಡಿಕೆಯೂ ಉದುರಿಹೋಗುತ್ತದೆ ಎಂದು ತಮ್ಮ ತಾನೇ ಮರ ಹತ್ತಿದ. ಪಾಚಿ ಹಿಡಿದ ಮರ, ಜಾರಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮಲೆನಾಡಿನ ಅಡಿಕೆ ಸೀಮೆಯಲ್ಲಿ ಹೀಗೆ ಬಿದ್ದು ಮಲಗಿದವರ ಮನೆಗಳು ಇನ್ನೂ ಇವೆ, ಹೋಗಿ ಬರುವವರಿಗೆ ಗೊತ್ತು.

ಆಮೇಲೆ ಒಂದು ಶಿಬಿರದಲ್ಲಿ ಅವನಿಗೆ ವೀಲ್‌ಚೇರು ಸಿಕ್ಕಿತು. ಫಳಫಳ ಹೊಳೆಯುವ ಕಬ್ಬಿಣದ್ದು, 18 ಇಂಚಿನ ಸೀಟು. ಎಲ್ಲರಿಗೂ ಅದೇ ಅಳತೆ. 14 ಇಂಚಿನ ಸೊಂಟ ಅದರೊಳಗೆ ಒಂದು ಕಡೆ ವಾಲಿ ವಾಲಿ ಕೂತು, ಬೆನ್ನು ಸೊಟ್ಟಗಾಗತೊಡಗಿತು. ಆರನೇ ತಿಂಗಳಲ್ಲಿ ಬಾಲದೆಲುಬಿನ ಹತ್ತಿರ ನಾಣ್ಯದಷ್ಟು ಕೆಂಪು. ಉರಿ ಗೊತ್ತಾಗದ ಜಾಗ ಅದು, ಅವನಿಗೆ ತಿಳಿಯುವ ಹೊತ್ತಿಗೆ ಹುಣ್ಣಾಗಿತ್ತು. ಮೂರು ತಿಂಗಳು ಬೋರಲು ಮಲಗಿದ. ಆ ಕುರ್ಚಿ ಬಚ್ಚಲ ಬಾಗಿಲಲ್ಲಿ ನುಗ್ಗುತ್ತಲೂ ಇರಲಿಲ್ಲ. ಸ್ನಾನಕ್ಕೆ ನಾನೂ ಅಮ್ಮನೂ ಎರಡು ಕಡೆ ಹಿಡಿದು ಎತ್ತಿಕೊಂಡು ಹೋಗಬೇಕು. ಮೂವತ್ತಾರು ವರ್ಷದ ಗಂಡಸನ್ನು ಹಾಗೆ ಎತ್ತುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಬೇರೆ ಕುರ್ಚಿ ಹುಡುಕಿಕೊಂಡೇ ನಾವು ಬೆಂಗಳೂರಿನ ಗಾಲಿಕುರ್ಚಿ ಪ್ರದರ್ಶನಕ್ಕೆ ಹೊರಟದ್ದು. ಅದು ನಡೆಯುತ್ತಿದ್ದುದು ತುಮಕೂರು ರಸ್ತೆಯ ಕಡೆ, ದೊಡ್ಡ ಸಭಾಂಗಣದಲ್ಲಿ. ಒಳಗೆ ಕಾಲಿಟ್ಟರೆ ನೆಲಕ್ಕೆಲ್ಲ ಕೆಂಪು ಜಮಖಾನೆ. ಮೊದಲ ಮಳಿಗೆಯ ಹುಡುಗ ನನ್ನ ಮುಖ ನೋಡಿ, "ಪೇಷೆಂಟ್ ತೂಕ ಎಷ್ಟು ಮೇಡಂ?" ಎಂದ. ತಮ್ಮ "56 ಕಿಲೋ" ಅಂದ. ಹುಡುಗ ಬರೆದುಕೊಂಡು, ಮತ್ತೆ ನನ್ನನ್ನೇ, "ಎಷ್ಟು ಹೊತ್ತು ಕೂರ್ತಾರೆ?" ಎಂದು ಕೇಳಿದ. ನನಗೆ ಎದೆ ಸುಟ್ಟ ಹಾಗಾಯಿತು. ತಮ್ಮ ಏನೂ ಆಡದೆ ಕುರ್ಚಿ ತಿರುಗಿಸಿ ಮುಂದೆ ಹೋದ.

ಬ್ಯಾಟರಿ ಕುರ್ಚಿಗಳ ಸಾಲು ಬೇಗ ಮುಗಿಯಿತು. ಕೈ ಬಲ ಇಲ್ಲದವರಿಗೆ ಅದು ಜೀವ ಬಂದ ಹಾಗೆ. ಆದರೆ ನಲವತ್ತು ಕಿಲೋ ದಾಟಿದ್ದನ್ನು ನಮ್ಮ ಮೆಟ್ಟಿಲ ಮೇಲೆ ಎತ್ತುವವರು ಯಾರು? ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ? ಆಟದ ಕುರ್ಚಿಗಳ ಮುಂದೆ ಮಾತ್ರ ಅವನು ನಿಂತ. ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿ, ಕೆಳಗಡೆ ಅಗಲಿಸಿಕೊಂಡಿದ್ದವು. "ಮಾಲತಿ ಹೊಳ್ಳ ಅವರ ಫೋಟೋದಲ್ಲಿ ನೋಡಿದ್ದೆ ಅಕ್ಕಾ" ಅಂದ. ಆಸ್ಪತ್ರೆಯಲ್ಲಿದ್ದಾಗ ಯಾರೋ ಪೇಪರಿನ ಒಂದು ಹಾಳೆ ತಂದುಕೊಟ್ಟಿದ್ದರು. ಪೋಲಿಯೋ ಆದ ಹುಡುಗಿ ಗಾಲಿಕುರ್ಚಿಯಲ್ಲಿ ಓಡಿ ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದ ಕತೆ. ಆ ಹಾಳೆಯನ್ನು ಅವನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದು ನನಗೆ ನೆನಪಿತ್ತು.

ಮೂಲೆಯ ಮಳಿಗೆಯಲ್ಲಿ ಕೂದಲು ನೆರೆತವರೊಬ್ಬರು ಇದ್ದರು. ಅವರೂ ಗಾಲಿಕುರ್ಚಿಯವರೇ. ತಮ್ಮನ ಎದುರಿಗೆ ಬಂದು, ಕಣ್ಣಿಗೆ ಕಣ್ಣು ಕೊಟ್ಟು ಕೇಳಿದರು: "ದಿನಾ ಎಲ್ಲಿಗೆ ಹೋಗಬೇಕು ನಿಮಗೆ?"

ತಮ್ಮ ಒಂದು ಗಳಿಗೆ ಸುಮ್ಮನಿದ್ದ. ನಾಲ್ಕು ವರ್ಷದಲ್ಲಿ ಡಾಕ್ಟರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. "ತೋಟಕ್ಕೆ" ಅಂದ.

ಅವರು ಅವನನ್ನು 15 ಇಂಚಿನ ಸೀಟಿಗೆ ದಾಟಿಸಿದರು. ಸೊಂಟಕ್ಕಿಂತ ಒಂದು ಇಂಚು ಹೆಚ್ಚು, ಸಾಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳು ತೂರಿಸಿ ನೋಡಿದರು. ಬೆನ್ನಿನ ಒರಗು ಹೆಗಲಮೂಳೆಯ ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ತಳ್ಳುವಾಗ ತೋಳು ಹಿಂದಕ್ಕೆ ಹೋಗುವುದಿಲ್ಲ. ಗಾಳಿ ದಿಂಬಿನ ಮೇಲೆ ಕೂರಿಸಿ, ಕೆಳಗೆ ಅಂಗೈ ಜಾರಿಸಿ, ಸ್ವಲ್ಪ ಗಾಳಿ ಬಿಟ್ಟು, ಮತ್ತೆ ಜಾರಿಸಿದರು. ಮೂಳೆ ತಳಕ್ಕೆ ತಾಗಬಾರದು, ತೀರ ಉಬ್ಬಿಯೂ ಇರಬಾರದು, ನಡುವೆ ಬೆರಳು ಆಡುವಷ್ಟು ಗಾಳಿ ಇರಬೇಕು. ನನ್ನ ಕೈ ಹಿಡಿದು ಅದೇ ಜಾಗಕ್ಕೆ ಇಡಿಸಿ ತೋರಿಸಿದರು. ತಮ್ಮನ ಹುಣ್ಣಿಗೆ ತಿಂಗಳುಗಟ್ಟಲೆ ಮುಲಾಮು ಹಚ್ಚಿದ ಕೈ ನನ್ನದು. ಆ ಮೂಳೆ ಎಲ್ಲಿ ಊರುತ್ತದೆ ಎಂದು ಮೊದಲ ಸಲ ತಿಳಿದದ್ದು ಅಲ್ಲಿ. ಒಳ್ಳೆ ದಿಂಬಿದ್ದರೂ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತಲೇಬೇಕು ಎಂದು ಎರಡು ಸಲ ಹೇಳಿದರು.

"ಸೀಟಿನ ಅಗಲಕ್ಕೆ ಚಕ್ರ, ತಳ್ಳುವ ಬಳೆ ಎಲ್ಲ ಸೇರಿ ಸುಮಾರು 8 ಇಂಚು ಕೂಡಿಸಿಕೊಳ್ಳಿ" ಅಂದರು. ನಾನು ಕ್ಯಾಲೆಂಡರ್ ಬಿಚ್ಚಿದೆ. ಹಳೆಯದು 18ಕ್ಕೆ 8, ಅಂದರೆ 26. ಇದು 15ಕ್ಕೆ 8, 23. ಬಚ್ಚಲ ಬಾಗಿಲು 24. ಎರಡೇ ಎರಡು ಇಂಚಿಗೆ ಅವನನ್ನು ನಾಲ್ಕು ವರ್ಷ ಎತ್ತಿಕೊಂಡು ಹೋದೆವು.

ಕೂತವರೇ ಒಳ್ಳೆ ಕುರ್ಚಿ ಮಾಡಿದ್ದು ಎಂಬುದನ್ನೂ ಅವರೇ ಹೇಳಿದರು. ಇವತ್ತು ಎಲ್ಲ ಕಡೆ ಕಾಣುವ, ಕತ್ತರಿ ಹಾಗೆ ಮಡಚುವ ಕುರ್ಚಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರಿನದು. ಗಣಿ ಅಪಘಾತದಲ್ಲಿ ಬೆನ್ನು ಮುರಿದಿತ್ತು. ಕುರ್ಚಿ ಕಾರಿನಲ್ಲಿ ಹಿಡಿಯಬೇಕು ಎಂದು ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರಲ್ಲಿ ಅದನ್ನು ಮಾಡಿದ. 1970ರ ದಶಕದ ಕೊನೆಗೆ ಮರ್ಲಿನ್ ಹ್ಯಾಮಿಲ್ಟನ್ ಎಂಬಾಕೆ ಗ್ಲೈಡರಿನಲ್ಲಿ ಹಾರುವಾಗ ಬಿದ್ದಳು. ಭಾರದ ಕುರ್ಚಿ ಬೇಡವೆಂದು, ಗ್ಲೈಡರ್ ಕಟ್ಟುವ ಗೆಳೆಯರಿಂದ ಅದೇ ಅಲ್ಯೂಮಿನಿಯಂ ಕೊಳವೆಗಳಲ್ಲಿ ಹಗುರದ್ದು ಮಾಡಿಸಿಕೊಂಡಳು. ಮರದಿಂದ ಬಿದ್ದ ನನ್ನ ತಮ್ಮ ಆ ಕತೆಯನ್ನು ಬಾಯಿ ಬಿಡದೆ ಕೇಳಿದ. ಈಗ ಐಐಟಿ ಮದ್ರಾಸಿನವರೂ ಬರೀ 9 ಕಿಲೋ ತೂಕದ ಕುರ್ಚಿ ಹೊರತಂದಿದ್ದಾರೆ.

ಕುರ್ಚಿ ಕೊಟ್ಟು ಕೈತೊಳೆದುಕೊಳ್ಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2008ರ ಮಾರ್ಗಸೂಚಿಯಲ್ಲಿ ಬರೆದಿದೆ. ಅದರಲ್ಲಿ ಎಂಟು ಹಂತ. ಅಳೆಯುವುದು, ಕೂರಿಸಿ ನೋಡುವುದು, ಓಡಿಸಲು ಕಲಿಸುವುದು, ಆಮೇಲೂ ರಿಪೇರಿಗೆ ಸಿಗುವುದು ಎಲ್ಲ ಸೇರಿ ಒಂದು ಕುರ್ಚಿ. ನಮಗೆ ಶಿಬಿರದಲ್ಲಿ ಸಿಕ್ಕಿದ್ದು ಹಾರ ಹಾಕಿದ ಫೋಟೋ ಮತ್ತು ಕುರ್ಚಿ.

"ಅಕ್ಕಾ, ಈ ಜಮಖಾನೆ ಮೇಲೆ ಯಾವುದಾದ್ರೂ ಓಡ್ತದೆ" ಎಂದ ತಮ್ಮ. "ಹೊರಗೆ ಗಾಡಿ ನಿಲ್ಲಿಸೋ ಕಡೆ ಜಲ್ಲಿ ಹಾಕಿದಾರೆ. ಅಲ್ಲಿ ನೋಡ್ಬೇಕು." ಇನ್ನೊಂದು ಮಳಿಗೆಯವರು ಚಕ್ರ ಕೊಳೆಯಾಗುತ್ತದೆ ಎಂದು ಬಿಡಲಿಲ್ಲ. ಇವರು ತಾವೇ ಮುಂದೆ ಹೊರಟರು.

ಜಲ್ಲಿಗೆ ಇಳಿದ ಕೂಡಲೇ ಮುಂದಿನ ಚಿಕ್ಕ ಚಕ್ರಗಳು ಹೂತುಕೊಂಡವು. ತಮ್ಮನ ಮೈ ಮುಂದಕ್ಕೆ ಬಗ್ಗಿತು, ನಾನು ಕೈ ಚಾಚಿದೆ. "ಬಿಡಿ ತಾಯಿ" ಎಂದು ಹಿರಿಯರು ತಡೆದರು. ಆಮೇಲೆ ಮೂರು ಚಕ್ರದ ಉದ್ದ ಕುರ್ಚಿ ತರಿಸಿದರು. ಮುಂದೆ ಒಂದೇ ದೊಡ್ಡ ಚಕ್ರ. ಅದು ಜಲ್ಲಿಯ ಮೇಲೆ ಸಲೀಸಾಗಿ ಹೋಯಿತು, ಆದರೆ ನಮ್ಮ ನಡುಮನೆಯಲ್ಲಿ ತಿರುಗದು. ಮೂರನೆಯ ಸಲ ಮತ್ತೆ 15 ಇಂಚಿನದ್ದೇ. ಕಾಲಿಡುವ ಹಲಗೆಗೆ ಒಂದು ದೊಡ್ಡ ಚಕ್ರ ಸಿಕ್ಕಿಸಿದರು. ಮುಂದಿನ ಎರಡೂ ಚಿಕ್ಕ ಚಕ್ರ ನೆಲ ಬಿಟ್ಟು ಮೇಲೆದ್ದವು. ಮನೆಗೆ ಬಂದ ಮೇಲೆ ಬಿಚ್ಚಿಡಬಹುದು. ಹಿಂದಿನ ಚಕ್ರಕ್ಕೆ ಪಂಕ್ಚರಾದರೆ ನಮ್ಮೂರ ಸೈಕಲ್ ಅಂಗಡಿಯವನೇ ಹಾಕುತ್ತಾನೆ.

ತಮ್ಮ ಬಳೆ ಹಿಡಿದು ಒಮ್ಮೆ ತಳ್ಳಿದ, ಇನ್ನೊಮ್ಮೆ ತಳ್ಳಿದ. ಜಲ್ಲಿ ಕರಕರ ಅಂದಿತು. ಬೇಲಿಯ ಪಕ್ಕದ ಹೊಂಗೆ ಮರದವರೆಗೆ ಹೋಗಿ, ಬೆನ್ನು ನಮಗೆ ಮಾಡಿ ಎಷ್ಟೋ ಹೊತ್ತು ಅಲ್ಲೇ ಕೂತ. ನಾನು ಹತ್ತಿರ ಹೋಗಲಿಲ್ಲ.

ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡಾಯಿತು ಎಲ್ಲ ಸೇರಿ. ಕೊಡಬಹುದಾದ ದುಡ್ಡೇ, ಆದರೂ ತೋಟವೇ ಇಲ್ಲದ ಕೂಲಿಯವನೊಬ್ಬ ಬಿದ್ದಿದ್ದರೆ ಎಲ್ಲಿಂದ ತರಬೇಕು ಎಂಬ ಯೋಚನೆ ಬಸ್ಸಿನಲ್ಲಿ ಇಡೀ ರಾತ್ರಿ ಬಿಡಲಿಲ್ಲ.

ಕುರ್ಚಿ ಬರುವ ಮುಂಚೆ ಬಡಗಿಯನ್ನೂ ಗಾರೆಯವರನ್ನೂ ಕರೆಸಿದೆವು. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಅಂಗಳಕ್ಕೆ 18 ಅಡಿ. ಉಳಿದದ್ದು ಹೊಸ್ತಿಲು. ಅಮ್ಮ ಐವತ್ತು ವರ್ಷ ದಿನಾ ಬೆಳಗ್ಗೆ ಅರಿಶಿನ ಕುಂಕುಮ ಹಚ್ಚಿದ ಹಲಸಿನ ಮರದ ಹೊಸ್ತಿಲು. ಹೇಗೆ ಹೇಳುವುದೆಂದು ನಾವು ಇಬ್ಬರೂ ತಡೆಯುತ್ತಿದ್ದಾಗ ಅಮ್ಮನೇ ಬಡಗಿಗೆ ಹೇಳಿದಳು: "ಅದನ್ನ ತೆಗಿ ಮಾರಾಯ. ಒಡೀಬೇಡ, ಇಡಿಯಾಗೇ ತೆಗಿ."

ಚಕ್ರ ಪಕ್ಕಕ್ಕೆ ಜಾರದಂತೆ ಇಳಿಜಾರಿನ ಅಂಚಿಗೆ ಕಟ್ಟು ಬೇಕಿತ್ತು. ಬಡಗಿ ಮೇಲ್ಗಡೆ ಆ ಹೊಸ್ತಿಲನ್ನೇ ಕೂರಿಸಿದ. ಅಮ್ಮ ಈಗ ಅರಿಶಿನ ಕುಂಕುಮ ಅಲ್ಲಿಗೆ ಹಚ್ಚುತ್ತಾಳೆ. ತಮ್ಮ ತೋಟಕ್ಕೆ ಇಳಿದ ಮೇಲೆ.