ಅರ್ಧಕ್ಕೆ ನಿಂತ ಲೆನ್ಸು

ಅಫಜಲಪುರ, ಏಪ್ರಿಲ್ ಮಧ್ಯಾಹ್ನ. ಕರೆಂಟ್ ಹೋಗಿದೆ. ಪಡಸಾಲೆಯ ಶಹಾಬಾದ್ ಪರಸಿ ಮಾತ್ರ ತುಸು ತಂಪು. ಅದರ ಮೇಲೆ ಬಿಳಿ ಧೋತರ ಹಾಸಿ, ನಡುವೆ ಕ್ಯಾಮೆರಾ ಇಟ್ಟಿದ್ದಾರೆ. ಹಾಸುವ ಬಟ್ಟೆ ಬಿಳಿಯದೇ ಆಗಬೇಕು, ಉದುರಿದ್ದೆಲ್ಲ ಕಾಣುತ್ತದೆ. ಗುಂಡಿ ಒತ್ತಿದರೆ ಲೆನ್ಸು ಗುರ್ ಎಂದು ಅರ್ಧ ಹೊರಬಂದು ನಿಲ್ಲುತ್ತದೆ. ಪರದೆ ಒಮ್ಮೆ ಬೆಳಗಿ ಆರುತ್ತದೆ.

“ಬ್ಯಾಟ್ರಿ ಖಲಾಸ್ ಆಗ್ಯಾದ,” ಅನ್ನುತ್ತಾರೆ ಕಾಕಾ.

“ಸೆಲ್ ಚಲೋನೇ ಅವರಿ ಕಾಕಾ. ಗಡಿಯಾರದಾಗ ಹಾಕಿದ್ರ ನಡೀತಾವ,” ಹುಡುಗನ ವಾದ.

ನಡೆಯುತ್ತವೆ, ಖರೆ. ಗೋಡೆ ಗಡಿಯಾರ ಹನಿಹನಿಯಾಗಿ ಕುಡಿಯುವಂಥದು. ಲೆನ್ಸಿನ ಮೋಟರಿಗೆ ಒಂದೇ ಸಲಕ್ಕೆ ಚೆಂಬು ತುಂಬ ಬೇಕು. ಕಿರಾಣಿ ಅಂಗಡಿಯ ಅಗ್ಗದ ಸೆಲ್ಲಿಗೆ ಆ ತಾಕತ್ತಿಲ್ಲ. ಆಲ್ಕಲೈನ್ ಆಗಬೇಕು, ಇಲ್ಲವೇ ಚಾರ್ಜ್ ಮಾಡುವ ನಿಕಲ್ ಸೆಲ್. ಅದರ ಮೈಮೇಲೆ 1.5ರ ಬದಲು 1.2 ವೋಲ್ಟ್ ಎಂದಿದ್ದರೂ ಇಲ್ಲಿ ಗೆಲ್ಲುವುದು ಅದೇ.

ಹೊಸ ಸೆಲ್ ಬಂತು. ಹಾಕಲು ಹೋದರೆ ಸ್ಪ್ರಿಂಗಿನ ಬುಡದಲ್ಲಿ ಬೆಳ್ಳನೆ ಪುಡಿ. ಜೇವರ್ಗಿಯ ಮದುವೆ ಮುಗಿಸಿ ಬಂದವರು ಹಿಂದಿನ ಜೋಡಿಯನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟಿದ್ದರಂತೆ, ಸೋರಿವೆ. ಸೋರಿದ್ದು ಕ್ಷಾರ, ಹುಳಿಗೆ ಬಗ್ಗುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ನಿಂಬೆರಸ ಮುಟ್ಟಿಸಿದೊಡನೆ ಸಣ್ಣಗೆ ನೊರೆಯೇಳುತ್ತದೆ. ಒರೆಸಿ, ಒಣಗಿಸಿ, ಪೆನ್ಸಿಲ್ ರಬ್ಬರಿನಿಂದ ತಿಕ್ಕಿದಾಗ ಲೋಹದ ಬಣ್ಣ ಮರಳುತ್ತದೆ. ರಸ ಒಳಗಿಳಿಯದಂತೆ ಕ್ಯಾಮೆರಾವನ್ನು ಬೋರಲು ಹಿಡಿದ ಹುಡುಗನ ಹಣೆಯ ಬೆವರು ಧೋತರದ ಮೇಲೆ ಬೀಳುತ್ತಿದೆ.

ಈಗ ಪರದೆ ಗಟ್ಟಿಯಾಗಿ ಹತ್ತುತ್ತದೆ, ದಿನಾಂಕ ಕೇಳುತ್ತದೆ. ಲೆನ್ಸು ಮಾತ್ರ ಅಲ್ಲೇ. ಹಳೆಯ ಫೋಟೋ ತೋರಿಸುವ ಗುಂಡಿ ಒತ್ತಿ ನೋಡೋಣ. ಅದಕ್ಕೆ ಲೆನ್ಸಿನ ಹಂಗಿಲ್ಲ. ಬಂದವು: ಕಟ್ಟಿಸಂಗಾವಿ ಸೇತುವೆಯಿಂದ ಕಂಡ ಭೀಮಾ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಮುಂದೆ ಅವ್ವ, ಗಾಣಗಾಪುರದಲ್ಲಿ ಅಮರ್ಜಾ ಭೀಮೆಯನ್ನು ಸೇರುವ ಸಂಗಮ, ಅಲ್ಲಿ ಮರಳಲ್ಲಿ ಹೊರಳಾಡುತ್ತಿರುವ ಮಕ್ಕಳು. ಅಂದರೆ ಸೆಲ್ಲು, ಕಾರ್ಡು, ಪರದೆ ಮೂರೂ ನಿರಪರಾಧಿಗಳು. ಅಪರಾಧಿಯ ಸುಳಿವೂ ಕೊನೆಯ ಫೋಟೋದಲ್ಲೇ ಇದೆ.

ಅಷ್ಟರಲ್ಲಿ ಕಾಕಾ ಸ್ಕ್ರೂಡ್ರೈವರ್ ತಂದಾಗಿದೆ.

“ಬ್ಯಾಡ್ರಿ ಕಾಕಾ, ಬಿಚ್ಚಬ್ಯಾಡ್ರಿ!”

ಹುಡುಗ ಕೂಗಿದ್ದು ಸರಿ. ಫ್ಲ್ಯಾಶ್‌ನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ, ಸೆಲ್ ತೆಗೆದ ಮೇಲೂ ಹೊತ್ತು ಕಳೆಯುವವರೆಗೆ ಅಲ್ಲೇ ಇರುತ್ತದೆ. ಇಂಥ ಮನೆರಿಪೇರಿಯಲ್ಲಿ ನಾನು ಹೆದರುವುದು ಇದೊಂದಕ್ಕೇ. ಲೆನ್ಸನ್ನು ಜಗ್ಗುವಂತೆಯೂ ಇಲ್ಲ. ಒಳಗಿನ ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವು.

ಹಳೆಯ ಲಗ್ನಪತ್ರಿಕೆಯ ಅಂಚು ಕತ್ತರಿಸಿ, ಲೆನ್ಸಿನ ಬಳೆಗಳ ನಡುವಿನ ಸಂದಿಯಲ್ಲಿ ಮೆಲ್ಲಗೆ ಸುತ್ತ ಓಡಿಸುತ್ತಾನೆ ಹುಡುಗ. ಬೋರಲು ಮಾಡಿ ಅಂಗೈಗೆ ತಟ್ಟುತ್ತಾನೆ. ಊದಬೇಕೆಂದು ಕಾಕಾ ಬಾಯಿ ಮುಂದೆ ತರುತ್ತಾರೆ. ಉಗುಳು ಹಾರುತ್ತದೆ, ಬೇಡ. ರಬ್ಬರ್ ಬುಡ್ಡಿಯಿಂದ ಗಾಳಿ ಹೊಡೆದಾಗ ಎರಡು ಕಾಳು ಧೋತರಕ್ಕೆ ಬೀಳುತ್ತವೆ. ಮತ್ತೆ ಗುಂಡಿ. ಕಟ್ಟೆಂದು ಸದ್ದಾಗಿ ಲೆನ್ಸು ಪೂರ್ತಿ ಹೊರಬರುತ್ತದೆ.

ಪರದೆಯಲ್ಲಿ ಅಂಗಳ ಕಾಣುತ್ತದೆ, ನೇರಳೆ ಗೆರೆಗಳಿಲ್ಲದೆ. ಗೆರೆ ಹುಡುಕಲು ಕಾರಣವಿದೆ: ಸೋನಿಯ ಕೆಲವು ಸಿಸಿಡಿ ಸೆನ್ಸರುಗಳು ಬಿಸಿ, ತೇವಕ್ಕೆ ಒಳಗಿನ ತಂತಿ ಬಿಟ್ಟುಕೊಂಡು ಚಿತ್ರ ಕೆಡಿಸಿದ್ದವು, 2005ರಲ್ಲಿ ಕ್ಯಾನನ್, ನಿಕಾನ್ ಸೇರಿ ಹಲವು ಕಂಪನಿಗಳು ಪುಕ್ಕಟೆ ರಿಪೇರಿ ಸಾರಬೇಕಾಯಿತು. ಇದು ಆ ರೋಗವಲ್ಲ.

“ಅವ್ವಾ, ಇಲ್ಲಿ ನೋಡು!” ಒತ್ತುತ್ತಾನೆ. ಫೋಟೋ ಇಲ್ಲ; ಕಾರ್ಡ್ ಲಾಕ್ ಆಗಿದೆಯಂತೆ. ತೆಗೆದು ನೋಡಿದರೆ ಕಾರ್ಡಿನ ಪಕ್ಕದ ಉಗುರಿನಷ್ಟು ಗುಬಟು ಕೆಳಗೆ ಜರುಗಿದೆ. ಅದನ್ನು ಮೇಲೆ ತಳ್ಳುವಷ್ಟರಲ್ಲಿ ಅವ್ವ ಎದ್ದಿದ್ದಾಳೆ.

“ಇನ್ನಾ ಹೊತ್ತ ಅದಲ್ಲ, ತಡಿ. ಸೀರಿ ಬದಲ್ ಮಾಡಿ ಬರ್ತೀನಿ.”